ಶ್ರಾವಣ ಸೋಮವಾರದ ಮೂರೆಲೆ

ಗಂಡನ ಕೆಲಸ ಹೋದಾಗ ನೆಂಟರಿಷ್ಟರು, ನೆರೆಹೊರೆಯವರು, ಕೊನೆಗೆ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ತೂಗಿಕೊಡುವ ಆಂಟಿ ಕೂಡ ಅವನಿಗಾಗಿ ಲೊಚಗುಟ್ಟಿದರು. ನಾನೂ ಲೊಚಗುಟ್ಟಿದೆ, ಒಂದಷ್ಟು ದಿನ. ಆಮೇಲೆ ಅವನನ್ನು ನೋಡಿದರೆ ಹೊಟ್ಟೆ ಉರಿಯಲು ಶುರುವಾಯಿತು.

ಬ್ಯಾಂಕುಗಳು ಸಾಲಾಗಿ ಮಕಾಡೆ ಮಲಗಿದ ಕಾಲ ಅದು. ಅವನು ದುಡಿಯುತ್ತಿದ್ದ ಮ್ಯಾನ್‌ಹಾಟನ್ನಿನ ಕಂಪನಿ ಚಳಿಗಾಲಕ್ಕೆ ಮುಂಚೆಯೇ ಬಾಗಿಲು ಹಾಕಿತು. ರಟ್ಟಿನ ಪೆಟ್ಟಿಗೆಯಲ್ಲಿ ಕಾಫಿ ಮಗ್ಗು, ಮಗಳ ಫೋಟೋ, ಸೊರಗಿದ ಒಂದು ಕುಂಡ ಇಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಬಂದ. ಪುಣ್ಯಕ್ಕೆ ಅಷ್ಟರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂದಿತ್ತು, ಗಂಟುಮೂಟೆ ಕಟ್ಟುವ ಪ್ರಸಂಗ ಬರಲಿಲ್ಲ. ನನ್ನ ಕೆಲಸ ಉಳಿಯಿತು. ಜರ್ಸಿ ಸಿಟಿಯ ನದಿ ದಂಡೆಯ ಗೋಪುರವೊಂದರಲ್ಲಿ ಇನ್ನೊಂದು ಬ್ಯಾಂಕಿನ ಐಟಿ ವಿಭಾಗ ನನ್ನದು. ಅಲ್ಲೂ ಆಗಾಗ ಯಾರದೋ ಕುರ್ಚಿ ಖಾಲಿಯಾಗುತ್ತಿತ್ತು. ಹಾಗಾಗಿ ಎಲ್ಲರಿಗಿಂತ ಮುಂಚೆ ಹೋಗಿ ಎಲ್ಲರಿಗಿಂತ ತಡವಾಗಿ ಹೊರಡುವುದನ್ನು ರೂಢಿ ಮಾಡಿಕೊಂಡೆ. ಮನ್ರೋ ಎಂಬ ಊರಿನ ನಮ್ಮ ಮನೆಯಿಂದ ಸ್ಟೇಷನ್ನಿಗೆ ಡ್ರೈವ್, ಅಲ್ಲಿಂದ ರೈಲು, ನ್ಯೂಆರ್ಕ್‌ನಲ್ಲಿ ಇಳಿದು ಇನ್ನೊಂದು ರೈಲು. ಮಗಳು ಏಳುವ ಮೊದಲೇ ಹೊರಡುತ್ತಿದ್ದೆ, ಅವಳ ಊಟವಾದ ಮೇಲೆ ಮನೆ ಸೇರುತ್ತಿದ್ದೆ.

ಮಗಳಿಗೆ ಆಗ ನಾಲ್ಕು ವರ್ಷ. ಅದುವರೆಗೆ ಅವಳು ಡೇ ಕೇರಿನಲ್ಲಿ ಬೆಳೆದಿದ್ದಳು. ಮಗು ನಮ್ಮಿಬ್ಬರಲ್ಲಿ ಯಾರಿಗೂ ಸಿಗುತ್ತಿರಲಿಲ್ಲ, ಅದರಲ್ಲೊಂದು ನ್ಯಾಯವಿತ್ತು. ಈಗ ಅಪ್ಪ ಮನೆಯಲ್ಲೇ ಇರುವಾಗ ಡೇ ಕೇರ್ ಯಾಕೆ ಎಂದು ಬಿಡಿಸಿದೆವು. ಬಿಡಿಸೋಣ ಎಂದವಳು ನಾನೇ. ಅವಳನ್ನು ಇಡಿಯಾಗಿ ಎತ್ತಿ ಅವನ ಕೈಗೆ ಕೊಡುತ್ತಿದ್ದೇನೆಂದು ನನಗೆ ಆಗ ಹೊಳೆಯಲೇ ಇಲ್ಲ.

ಹಿಮ ಕರಗಿದ ಮೇಲೆ ಅವರಿಬ್ಬರೂ ಒಂದು ಜಾಗ ಕಂಡುಕೊಂಡರು. ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ, ಹೊಸ ಮನೆಗಳ ಸಾಲು ಮುಗಿದು ಜೋಳದ ಹೊಲ ದಾಟಿದರೆ ಬರುವ ಒಂದು ರಕ್ಷಿತ ಪ್ರದೇಶ. ಬಿಳಿ ಮರಳಿನ ನೆಲ, ಮೊಣಕಾಲೆತ್ತರದ ಪೊದೆಗಳು, ನಡುನಡುವೆ ಬೆಂಕಿಗೆ ಮೈ ಸುಟ್ಟುಕೊಂಡೂ ಚಿಗುರಿದ ಪೈನ್ ಮರಗಳು, ತಗ್ಗಿನಲ್ಲಿ ಕಷಾಯದ ಬಣ್ಣದ ನೀರು. ಅದರ ಸುತ್ತ ಒಂದು ಕಾಲುದಾರಿ, ಕೆಸರಿರುವ ಕಡೆ ಹಲಗೆ ಹಾಸಿದ್ದಾರೆ. ಏರಿಲ್ಲ, ಇಳಿತವಿಲ್ಲ, ಮಗುವಿನ ನಡಿಗೆಯಲ್ಲೂ ಒಂದು ಗಂಟೆಯೊಳಗೆ ಮುಗಿಯುವ ಸುತ್ತು. ಗಂಡ ಅದಕ್ಕೆ ‘ಕುರುಚಲು’ ಎಂದು ಹೆಸರಿಟ್ಟ. ಮಗಳು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, ಅವಳೂ ‘ಲೆಟ್ಸ್ ಗೋ ಟು ಕುರುಚಲು’ ಎನ್ನತೊಡಗಿದಳು. ನಾನು ನನ್ನ ಮಗಳಿಗೆ ಕಲಿಸಿದ ಕನ್ನಡ ಪದಗಳಲ್ಲಿ ಒಂದೂ ಅಷ್ಟು ಚೆನ್ನಾಗಿ ಅವಳ ನಾಲಿಗೆಗೆ ಹತ್ತಿರಲಿಲ್ಲ.

ದಿನಾ ಹೋಗುತ್ತಿದ್ದರು. ಸಂಜೆ ನಾನು ಬಂದು ಬ್ಯಾಗು ಇಡುವುದರೊಳಗೆ ಅವಳ ವರದಿ ಶುರುವಾಗುತ್ತಿತ್ತು. ಇವತ್ತು ಆಮೆ ಸಿಕ್ಕಿತು, ಸ್ವೀಟ್ ಫರ್ನ್ ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ, ಹಕಲ್‌ಬೆರಿ ಕಾಯಿ ಇನ್ನೂ ಹಸಿರಾಗಿದೆ, ಸನ್‌ಡ್ಯೂ ಎಂಬ ಗಿಡ ನೊಣ ತಿನ್ನುತ್ತದೆ. ‘ಅಪ್ಪ ಸೆಡ್’, ‘ಅಪ್ಪ ಸೆಡ್’ ಎಂದು ಪ್ರತಿ ವಾಕ್ಯಕ್ಕೂ ಬಾಲ. ಇವನಿಗೆ ಗಿಡಮರ ಯಾವ ಕಾಲಕ್ಕೆ ಗೊತ್ತಿತ್ತು? ಮೈಸೂರಿನಲ್ಲಿ ನಮ್ಮ ಬೀದಿಯ ಹೊಂಗೆ ಮರವನ್ನು ಬೇವು ಎಂದು ವಾದಿಸಿದ್ದ ಮಹಾನುಭಾವ. ಈಗ ಲೈಬ್ರರಿಯಿಂದ ಪುಸ್ತಕ ತಂದು, ಬೆಳಗ್ಗೆ ಓದಿ, ಹನ್ನೊಂದಕ್ಕೆ ಮಗಳ ಮುಂದೆ ಪಂಡಿತನಾಗುತ್ತಿದ್ದ. ಕೆಲಸಕ್ಕೆ ಅರ್ಜಿಗಳನ್ನೂ ಹಾಕುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಮುಖ ಬಿಸಿಲಿಗೆ ಮಾಗಿ ಮದುವೆಯ ಕಾಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ನನ್ನ ಮುಖ ರೈಲಿನ ಟ್ಯೂಬ್‌ಲೈಟಿನ ಕೆಳಗೆ ಹೇಗೆ ಕಾಣುತ್ತಿತ್ತೆಂದು ಕಿಟಕಿ ಗಾಜು ದಿನಾ ತೋರಿಸುತ್ತಿತ್ತು.

ನನಗೆ ಪೆಟ್ಟು ಬಿದ್ದದ್ದು ಮೇ ತಿಂಗಳ ಒಂದು ಶನಿವಾರ. ಮಗಳು ಮೆಟ್ಟಿಲಿಳಿಯುತ್ತಾ ಕೊನೆಯ ಎರಡು ಮೆಟ್ಟಿಲು ಜಾರಿ ಬಿದ್ದಳು. ನಾನು ಮೆಟ್ಟಿಲ ಬುಡದಲ್ಲೇ ಇದ್ದೆ. ಕುಕ್ಕರಿಸಿ ಕೂತು ಎರಡು ಕೈ ಚಾಚಿ ‘ಬಾ ಕಂದ’ ಎಂದೆ. ಅವಳು ಅಳುತ್ತಾ ಎದ್ದಳು, ನನ್ನನ್ನು ನೋಡಿದಳು, ನನ್ನ ಚಾಚಿದ ಕೈಯ ಕೆಳಗೆ ಬಗ್ಗಿ ನುಸುಳಿ ಅಡುಗೆಮನೆಗೆ ಓಡಿದಳು. ಅಲ್ಲಿ ಅವನು ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡ. ನಾನು ಕೈ ಚಾಚಿಕೊಂಡು ಹಾಗೇ ಕೂತಿದ್ದೆ. ಹೆತ್ತವಳು ನಾನು, ಆಸ್ಪತ್ರೆಯಲ್ಲಿ ಎರಡು ರಾತ್ರಿ ನರಳಿದವಳು ನಾನು, ದುಡಿದು ತಂದು ಹಾಕುತ್ತಿರುವವಳು ನಾನು. ಅವಳಿಗೆ ನೋವಾದಾಗ ಬೇಕಾದದ್ದು ಅವನು.

ಅವಳು ಬಿದ್ದರೆ ನನ್ನ ಹತ್ತಿರ ಓಡಿ ಬರಬೇಕು. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ.

ಜುಟ್ಟಿನ ವಿಷಯಕ್ಕೂ ಜಗಳವಾಯಿತು. ಅವನು ಹಾಕುವ ಎರಡು ಜುಟ್ಟು ಒಂದು ಮೇಲೆ, ಒಂದು ಕೆಳಗೆ, ಬೈತಲೆ ಹಾವು ಹರಿದಂತೆ. ಭಾನುವಾರ ನಾನು ಎಣ್ಣೆ ಹಚ್ಚಿ, ಬೈತಲೆ ನೆಟ್ಟಗೆ ತೆಗೆದು ಎರಡು ಜಡೆ ಹಾಕಿದರೆ ಕನ್ನಡಿ ನೋಡಿ ಬಿಚ್ಚಿಕೊಂಡು ಅವನ ಹತ್ತಿರ ಹೋದಳು. ‘ಅಪ್ಪಾಸ್ ವೇ’ ಬೇಕಂತೆ. ಅವನು ನಕ್ಕ. ನಗದೆ ಇದ್ದಿದ್ದರೆ ಕ್ಷಮಿಸುತ್ತಿದ್ದೆನೇನೋ.

ಗೆಳತಿಯೊಬ್ಬಳ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಮಂಗಳೂರಿನ ಕಡೆಯ ಆಂಟಿಯೊಬ್ಬರು ನನ್ನ ಕೈ ಹಿಡಿದುಕೊಂಡು, “ಪಾಪ ಅಲ್ವಾ ನಿಮ್ಮ ಹಸ್ಬೆಂಡ್, ಗಂಡಸು ಮನೆಯಲ್ಲಿ ಕೂತರೆ ಅವರ ಮನಸ್ಸಿಗೆ ಎಷ್ಟು ಬೇಜಾರು ಉಂಟು ಗೊತ್ತುಂಟಾ?” ಎಂದರು. ನಾನು ಹಜಾರದ ಆಚೆ ತುದಿಗೆ ನೋಡಿದೆ. ಬೇಜಾರಿನ ಗಂಡಸು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಜ್ಜಿಗೆಯ ದ್ರಾಕ್ಷಿ ಹೆಕ್ಕಿ ಹೆಕ್ಕಿ ಅವಳ ಬಾಯಿಗೆ ಹಾಕುತ್ತಿದ್ದ. “ಹೌದು ಆಂಟಿ, ತುಂಬಾ ಕಷ್ಟ,” ಎಂದೆ.

ಜುಲೈ ಕೊನೆಗೆ ಅಮ್ಮ ಮೈಸೂರಿನಿಂದ ಫೋನು ಮಾಡಿ, “ಶ್ರಾವಣ ಬಂತು ಕಣೇ, ಸೋಮವಾರ ಸೋಮವಾರ ಈಶ್ವರನಿಗೆ ಬಿಲ್ವ ಏರಿಸಿ ಪೂಜೆ ಮಾಡು, ಅಳಿಯಂದಿರಿಗೆ ಕೆಲಸ ಸಿಗತ್ತೆ ನೋಡು,” ಎಂದರು. ನನಗೆ ವ್ರತ ಕಥೆಗಳಲ್ಲಿ ಅಂಥ ನಂಬಿಕೆ ಇಲ್ಲ. ಆದರೆ ಅಂದು ರೈಲಿನಲ್ಲಿ ಕೂತು ಯೋಚಿಸಿದಾಗ ಹರಕೆ ಹೊರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ ಎನ್ನಿಸಿತು. ಅವನಿಗೆ ಕೆಲಸ ಸಿಗಲಿ. ದೂರದಲ್ಲಿ ಸಿಗಲಿ, ಸೋಮವಾರ ಹೋದರೆ ಗುರುವಾರ ಬರುವಂಥದ್ದಾದರೂ ಪರವಾಗಿಲ್ಲ. ಮಗಳಿಗೆ ಹಗಲೆಲ್ಲ ಅಪ್ಪ ಸಿಗುವುದು ನಿಂತರೆ ಸಾಕು. ಗಂಡನ ಏಳಿಗೆಗಾಗಿ ಹೆಂಗಸರು ವ್ರತ ಮಾಡುವುದನ್ನು ಕೇಳಿದ್ದೆ, ಇಂಥ ಸಂಕಲ್ಪ ಮಾಡಿಕೊಂಡವಳು ಬಹುಶಃ ನಾನೇ ಮೊದಲಿಗಳು.

ಬಿಲ್ವಕ್ಕೆಲ್ಲಿ ಹೋಗುವುದು? ಫ್ಲಶಿಂಗ್‌ನ ಗಣಪತಿ ದೇವಸ್ಥಾನದಿಂದ ಹಿಂದಿನ ವರ್ಷ ತಂದಿದ್ದ ಎಲೆಗಳು ಡಬ್ಬಿಯಲ್ಲಿ ಪುಡಿಯಾಗಿದ್ದವು. ಇಂಡಿಯನ್ ಅಂಗಡಿಯಲ್ಲಿ ಮಾವಿನೆಲೆ ಇತ್ತು, ವೀಳ್ಯದೆಲೆ ಇತ್ತು, ಬಿಲ್ವ ಇರಲಿಲ್ಲ. ಅದು ಭಾನುವಾರ. ಅಂಗಡಿಯಿಂದ ಬರಿಗೈಯಲ್ಲಿ ಬಂದರೆ ಅಪ್ಪ ಮಗಳು ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿಕೊಂಡು ಹೊರಟು ನಿಂತಿದ್ದರು. ಉಣ್ಣಿ ಹತ್ತಬಾರದೆಂದು ಈ ವೇಷ. “ನೀನೂ ಬಾರೆ, ಹಕಲ್‌ಬೆರಿ ಹಣ್ಣಾಗಿದೆ,” ಎಂದ ಗಂಡ. ಅಷ್ಟು ದಿನವೂ ಭಾನುವಾರ ನನಗೆ ಬಟ್ಟೆ ಒಗೆಯುವುದು, ವಾರದ ಅಡುಗೆ ಮಾಡಿ ಫ್ರೀಜರಿನಲ್ಲಿಡುವುದು ಇರುತ್ತಿತ್ತು. ಅಂದು ಬಟ್ಟೆ ಬಿದ್ದಿರಲಿ ಎಂದು ಹೊರಟೆ.

ಅದು ಚೆಂದದ ಜಾಗ ಎಂಬುದೇ ನನಗೆ ಸಹಿಸಲಾಗಲಿಲ್ಲ. ಮರಳು ಬಿಸಿಯಾಗಿತ್ತು, ಪೈನ್ ಅಂಟಿನ ವಾಸನೆ ಮೂಗಿಗೆ ಹಿತವಾಗಿತ್ತು, ಗಾಳಿ ಬೀಸಿದಾಗ ಆ ಗಿಡ್ಡ ಪೊದೆಗಳೆಲ್ಲ ಒಟ್ಟಿಗೆ ಒಂದು ಕಡೆ ಬಾಗುತ್ತಿದ್ದವು. ಇದನ್ನೆಲ್ಲ ಇವರಿಬ್ಬರೂ ನಾಲ್ಕು ತಿಂಗಳಿಂದ ಅನುಭವಿಸುತ್ತಿದ್ದರು, ನಾನು ಆ ಹೊತ್ತಿನಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಮೀಟಿಂಗಿನಲ್ಲಿರುತ್ತಿದ್ದೆ. ಮಗಳು ನನಗೆ ಊರು ತೋರಿಸುವ ಗೈಡಿನಂತೆ ಮುಂದೆ ಮುಂದೆ ನಡೆದಳು. ಇಲ್ಲಿ ನಾವು ಬಾಳೆಹಣ್ಣು ತಿನ್ನುತ್ತೇವೆ, ಇಲ್ಲಿ ಅಪ್ಪ ಜಾರಿದ್ದ, ಈ ಕಲ್ಲು ನನ್ನದು, ಆ ಕಲ್ಲು ಅಪ್ಪನದು. “ನನ್ನ ಕಲ್ಲು ಯಾವುದು ಪುಟ್ಟಿ?” ಎಂದು ಕೇಳಿದೆ. ಅವಳು ಸುತ್ತ ಹುಡುಕಿ, “ಯೂ ಕೆನ್ ಸ್ಟ್ಯಾಂಡ್, ಅಮ್ಮ,” ಎಂದಳು. ಗಂಡ ತನ್ನ ಕಲ್ಲಿನಿಂದ ಎದ್ದು, “ಇಲ್ಲಿ ಕೂತ್ಕೋ,” ಎಂದ. ಅವನ ಔದಾರ್ಯ ಯಾರಿಗೆ ಬೇಕಿತ್ತು? ನಿಂತೇ ಇದ್ದೆ.

ಸುತ್ತು ಮುಗಿಯುತ್ತಾ ಬಂತು. ಗಂಡ ನೀರಿನ ಬಾಟಲಿ ತರಲು ಕಾರಿನ ಕಡೆಗೆ ಮುಂದೆ ಹೋದ. ಪಾರ್ಕಿಂಗಿಗೆ ಸ್ವಲ್ಪ ಮುಂಚೆ ಒಂದು ಹಳೆಯ ಪೈನ್ ಮರ, ಅದರ ಬುಡದಿಂದ ಹೊಳೆಯುವ ಹಸಿರೆಲೆಯ ಬಳ್ಳಿಯೊಂದು ಕಾಂಡಕ್ಕೆ ಹಬ್ಬಿತ್ತು. ನೋಡಿದೆ. ಒಂದು ತೊಟ್ಟಿಗೆ ಮೂರೆಲೆ. ಎರಡು ಅಕ್ಕಪಕ್ಕ, ನಡುವಿನದಕ್ಕೆ ತುಸು ಉದ್ದ ತೊಟ್ಟು. ಮರದ ತುಂಬ ಮೂರು ಮೂರು ದಳ. ಬಿಲ್ವ ಬಳ್ಳಿಯಲ್ಲಿ ಬಿಡುವುದಿಲ್ಲವೆಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಎಲೆ ಕೊಂಚ ದೊಡ್ಡದೆಂದೂ ಕಂಡಿತ್ತು. ಆದರೆ ತುಳಸಿ ಸಿಗದಿದ್ದಾಗ ಸೂಪರ್ ಮಾರ್ಕೆಟ್ಟಿನ ಬೇಸಿಲ್ ಏರಿಸಿದವರು ನಾವು, ಗರಿಕೆಯ ಬದಲು ಲಾನಿನ ಹುಲ್ಲು ಕಿತ್ತು ಗಣಪತಿಗೆ ಇಟ್ಟವರು. ತ್ರಿದಳ ಇದ್ದರಾಯಿತು, ಅಮೆರಿಕದ ಈಶ್ವರ ಹೊಂದಿಕೊಳ್ಳುತ್ತಾನೆ ಎಂದುಕೊಂಡೆ.

ಕೈ ಹಾಕಿದ ಕೂಡಲೇ ಮಗಳು ಕಿರುಚಿದಳು. “ನೋ ಅಮ್ಮ! ಡೋಂಟ್ ಟಚ್! ಥ್ರೀ ಲೀವ್ಸ್! ಅಪ್ಪ ಸೆಡ್!”

ಆ ಕೊನೆಯ ಎರಡು ಮಾತಿಲ್ಲದಿದ್ದರೆ ಕೈ ಹಿಂದೆ ತೆಗೆಯುತ್ತಿದ್ದೆನೋ ಏನೋ. “ನಿಮ್ಮಪ್ಪನಿಗೆ ದೇವರು ದಿಂಡರು ಗೊತ್ತಿದ್ರೆ ತಾನೆ? ಮೂರೆಲೆ ಅಂದ್ರೆ ಶಿವನ ಮೂರು ಕಣ್ಣು. ಇದು ಬಿಲ್ವ. ಅಮ್ಮನಿಗೆ ಗೊತ್ತಿರೋದು ಅಪ್ಪನಿಗೆ ಗೊತ್ತಿಲ್ಲ,” ಎಂದು ಹೇಳುತ್ತಲೇ ಕಿತ್ತೆ. ಬೊಗಸೆ ತುಂಬ ಕಿತ್ತೆ. ಮಗಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಣ್ಣಗಲಿಸಿ ನೋಡುತ್ತಿದ್ದಳು. ಅವಳಿಗೊಂದು ದಳ ಕೊಡಹೋದರೆ ಹಿಂದಕ್ಕೆ ಹಾರಿದಳು. ಎಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬ್ಯಾಗಿನಲ್ಲಿಟ್ಟು, ಬೆವರೊರೆಸಿಕೊಂಡು, ಅವಳ ಮುಂದೆ ಬಗ್ಗಿ ಪಿಸುಗುಟ್ಟಿದೆ: “ಅಪ್ಪನಿಗೆ ಹೇಳಬೇಡ. ಇದು ನಿಂದು ನಂದು ಮಾತ್ರ ಗುಟ್ಟು.”

ಅವಳು ಮೊದಲು ಕಾರಿನ ಕಡೆ ನೋಡಿದಳು. ಆಮೇಲೆ ತಲೆಯಾಡಿಸಿದಳು. ಆ ಬೇಸಿಗೆಯಲ್ಲಿ ಅವಳೂ ನಾನೂ ಅಷ್ಟು ಹತ್ತಿರವಾಗಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ಅವಳು ತುಟಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಗಂಡ ಏನೋ ಕೇಳಿದರೆ ಉತ್ತರವನ್ನೇ ಕೊಡಲಿಲ್ಲ. ನಾನು ಕಿಟಕಿ ಕಡೆ ತಿರುಗಿ ನಕ್ಕೆ.

ಸೋಮವಾರ ಬೆಳಗಿನ ಜಾವ ಎದ್ದು ಸ್ನಾನ ಮಾಡಿದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಪ್ಯಾಂಟ್ರಿಯ ಮೇಲಿನ ಹಲಗೆಯೇ ದೇವರಮನೆ, ಕೆಳಗಿನ ಹಲಗೆಯಲ್ಲಿ ಅಕ್ಕಿ ಬೇಳೆ. ಬೆಳ್ಳಿಯ ಪುಟ್ಟ ಲಿಂಗಕ್ಕೆ ಹಾಲೆರೆದು, ಒಂದೊಂದೇ ಮೂರೆಲೆ ಏರಿಸಿ, ನನ್ನ ಕೋರಿಕೆ ಸಲ್ಲಿಸಿ ರೈಲು ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದಿಯಲ್ಲಿ ಕಡಿತ ಶುರುವಾಯಿತು. ಸಂಜೆ ಮುಂಗೈ ಕೆಂಪಾಯಿತು. ಮರುದಿನ ಬೆಳಗ್ಗೆ ಎರಡೂ ಕೈ ಗುಳ್ಳೆಯೆದ್ದು, ಬೆವರೊರೆಸಿಕೊಂಡ ಹಣೆ ಕೆನ್ನೆ ಊದಿ, ಒಂದು ಕಣ್ಣು ಮುಚ್ಚಿಹೋಗಿತ್ತು.

ಗಂಡ ಒಂದೇ ನೋಟಕ್ಕೆ, “ಇದು ಪಾಯ್ಸನ್ ಐವಿ, ಮೂರೆಲೆಯ ವಿಷಬಳ್ಳಿ. ಎಲ್ಲಿ ಮುಟ್ಟಿದೆ?” ಎಂದ. ನಾನು ಗುಳ್ಳೆಯೆದ್ದ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡೆ. ಮಗಳ ಕಡೆ ತಿರುಗಿ, “ಅಮ್ಮ ಏನು ಮುಟ್ಟಿದಳು ಪುಟ್ಟಿ?” ಎಂದ. ಅವಳು ನನ್ನ ಊದಿದ ಮುಖ ನೋಡಿದಳು, ಅವಳ ಕಣ್ಣಲ್ಲಿ ನೀರು ತುಂಬಿತು, ತುಟಿ ಮಾತ್ರ ತೆರೆಯಲಿಲ್ಲ. ಅಪ್ಪ ಕೇಳಿದರೂ ಹೇಳಲಿಲ್ಲ! ಮೈಯೆಲ್ಲ ಬೆಂಕಿಯಾಗಿ ಉರಿಯುವಾಗಲೂ ನನಗೆ ಒಳಗೊಳಗೇ ಸಿಹಿ ತಿಂದ ಹಾಗಾಯಿತು.

ಅವನಿಗೆ ಉತ್ತರ ಸಿಕ್ಕಿದ್ದು ಅಕ್ಕಿ ಡಬ್ಬಿ ತೆಗೆಯಲು ಪ್ಯಾಂಟ್ರಿಯ ಬಾಗಿಲು ತೆರೆದಾಗ. ಆಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು, ಎಲೆಗಳನ್ನು ಚೀಲಕ್ಕೆ ತುಂಬಿ, ಲಿಂಗ, ಪಾಣಿಬಟ್ಟಲು, ಗಂಟೆ ಎಲ್ಲವನ್ನೂ ಸಿಂಕಿಗಿಳಿಸಿ ಡಿಶ್ ಸೋಪಿನಲ್ಲಿ ಉಜ್ಜತೊಡಗಿದ. ಈಶ್ವರನಿಗೆ ನೊರೆನೊರೆ ಅಭಿಷೇಕ. “ಹಾಲಾಹಲ ಕುಡಿದವನಿಗೆ ಇದ್ಯಾವ ಲೆಕ್ಕ ಬಿಡು, ನಿನ್ನ ಗತಿ ಹೇಳು,” ಎಂದು ನಕ್ಕ. ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದ. ಮಾತ್ರೆ ಕೊಟ್ಟರು, ಹಚ್ಚಿಕೊಳ್ಳಲು ತೆಳು ಗುಲಾಬಿ ಬಣ್ಣದ ದ್ರಾವಣ ಕೊಟ್ಟರು. ನಾಟಕದ ಪಾತ್ರಧಾರಿಯಂತೆ ಮುಖಕ್ಕೆಲ್ಲ ಬಳಿದುಕೊಂಡು ಆ ವಾರ ಮನೆಯಲ್ಲೇ ಉಳಿದೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಹೋಗಲಿಲ್ಲ.

ಕೊನೆಗೂ ಹಗಲು ಹೊತ್ತಿನಲ್ಲಿ ಮಗಳ ಜೊತೆ ಮನೆಯಲ್ಲಿದ್ದೆ. ಆದರೆ ಅವಳನ್ನು ಮುಟ್ಟುವಂತಿರಲಿಲ್ಲ. ಮೈಯ ಗುಳ್ಳೆಗಳಿಂದ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದರೂ ಅವಳು ಕೇಳಲಿಲ್ಲ. ಮಾರು ದೂರದಲ್ಲಿ ನಿಂತು, “ಡಸ್ ಇಟ್ ಹರ್ಟ್?” ಎಂದು ಗಂಟೆಗೊಮ್ಮೆ ಕೇಳುತ್ತಿದ್ದಳು. ಹನ್ನೊಂದಾದರೆ ಅವರಿಬ್ಬರೂ ಸಾಕ್ಸಿಗೆ ಪ್ಯಾಂಟು ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಅವನು ಅವಳ ಜುಟ್ಟು ಕಟ್ಟುವುದನ್ನು, ಅವಳು ಕತ್ತು ಕೊಂಕಿಸಿ ಸುಮ್ಮನೆ ಕೂರುವುದನ್ನು ಸೋಫಾದ ಮೇಲೆ ಮಲಗಿ ಒಂದು ಕಣ್ಣಲ್ಲಿ ನೋಡುತ್ತಿದ್ದೆ. ಕೈ ಕಡಿಯುತ್ತಿತ್ತು, ಕೆರೆಯುವಂತಿರಲಿಲ್ಲ. ಅವರ ಕಾರು ತಿರುವು ದಾಟುವ ತನಕ ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಆಫೀಸಿನಲ್ಲಿದ್ದಾಗ ಕಾಣದೆ ಉರಿಯುತ್ತಿದ್ದೆ, ಈಗ ಕಂಡು ಉರಿದೆ, ಅಷ್ಟೇ ವ್ಯತ್ಯಾಸ.

ಕೆಲಸ ಸಿಕ್ಕಿತು. ಶ್ರಾವಣದಲ್ಲಲ್ಲ, ಚಳಿಗಾಲ ಕಳೆಯುವಾಗ. ಪೆನ್ಸಿಲ್ವೇನಿಯಾ ಕಡೆ, ವಾರಕ್ಕೆ ಮೂರು ದಿನ ಅಲ್ಲೇ ಉಳಿಯಬೇಕಿತ್ತು. ನನ್ನ ಕೋರಿಕೆ ಅಕ್ಷರಶಃ ಈಡೇರಿತ್ತು. ಅಮ್ಮ ಫೋನಿನಲ್ಲಿ, “ಬಿಲ್ವದ ಮಹಿಮೆ ನೋಡ್ದ್ಯಾ?” ಎಂದರು. ನಾನು ಹೂಂ ಎಂದೆ. ಮಗಳು ಪ್ರೀಸ್ಕೂಲಿಗೆ ಸೇರಿದಳು, ಮತ್ತೆ ಇಬ್ಬರಿಗೂ ಇಲ್ಲದವಳಾದಳು. ಮೊದಲ ವಾರ ‘ಅಪ್ಪ, ಅಪ್ಪ’ ಎಂದು ಬಾಗಿಲಲ್ಲಿ ಕೂತು ಅತ್ತಳು. ನಾನು ಎತ್ತಿಕೊಳ್ಳಹೋದರೆ ನನ್ನ ಭುಜದ ಮೇಲಿಂದ ಬಾಗಿಲನ್ನೇ ನೋಡುತ್ತಿದ್ದಳು. ಅವನು ಊರಲ್ಲಿಲ್ಲದಾಗಲೂ ನನ್ನನ್ನು ಗೆದ್ದ.

ಮುಂದಿನ ಬೇಸಿಗೆ, ಮತ್ತೆ ಹಕಲ್‌ಬೆರಿ ಹಣ್ಣಾದ ಒಂದು ಭಾನುವಾರ, ಮೂವರೂ ಕುರುಚಲಿಗೆ ಹೋದೆವು. ಗಂಡನಿಗೆ ವಾರದಿಂದ ಅದೇ ಸಂಭ್ರಮ. ಲೈಬ್ರರಿಯ ಪುಸ್ತಕವನ್ನೇ ಕೊಂಡು ತಂದಿದ್ದ. ಕಾರಿಳಿದವನೇ ಒಂದು ಎಲೆ ಉಜ್ಜಿ ಅವಳ ಮೂಗಿಗೆ ಹಿಡಿದು, “ಇದೇನು ಹೇಳು?” ಎಂದ. ಅವಳು ಮೂಸಿ, “ಎ ಬುಷ್?” ಎಂದಳು. ಪೈನ್ ಮರ ತೋರಿಸಿದ. “ಟ್ರೀ.” ನೊಣ ತಿನ್ನುವ ಗಿಡ ಹುಡುಕಿ ಬಗ್ಗಿ ತೋರಿಸಿದ. ಅವಳು ಶಾಲೆಯ ಗೆಳತಿಯ ಹುಟ್ಟುಹಬ್ಬದ ಕೇಕಿನ ಬಗ್ಗೆ ಹೇಳತೊಡಗಿದಳು. ಅವಳ ಕಲ್ಲು, ಅವನ ಕಲ್ಲು ದಾಟಿಯೂ ಅವಳು ನಿಲ್ಲಲಿಲ್ಲ. ಅವನು ತನ್ನ ಕಲ್ಲಿನ ಹತ್ತಿರ ತುಸು ಹೊತ್ತು ನಿಂತ. ಆಮೇಲೆ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡ.

ಸುತ್ತು ಮುಗಿದು ಹಳೆಯ ಪೈನ್ ಮರ ಬಂತು. ನನಗೆ ಮರೆತೇ ಹೋಗಿತ್ತು. ಬಳ್ಳಿ ಆ ವರ್ಷ ಇನ್ನೂ ಹುಲುಸಾಗಿ, ಒಂದು ಕುಡಿ ದಾರಿಯವರೆಗೆ ಚಾಚಿತ್ತು. ಮುಂದೆ ಓಡುತ್ತಿದ್ದ ಮಗಳು ಗಕ್ಕನೆ ನಿಂತಳು. ತಿರುಗಿ ಓಡಿ ಬಂದು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಲವಾಗಿ ತನ್ನ ಕಡೆಗೆಳೆದಳು. ಮರಳಿನಲ್ಲಿ ಕಾಲು ಜಾರಿ ಮಂಡಿಯೂರಿ ಬಿದ್ದರೂ ನನ್ನ ಕೈ ಬಿಡಲಿಲ್ಲ. ಅದೇ ಕೈ ಹಿಡಿದು ಎದ್ದು ನನ್ನ ಸೊಂಟಕ್ಕೆ ಆತುಕೊಂಡಳು.

“ಅಪ್ಪಾ, ವಾಚ್ ಔಟ್! ದಟ್ಸ್ ಅಮ್ಮಾಸ್ ಲೀಫ್!”

“ಅದರ ಹೆಸರೇನು ಪುಟ್ಟಿ? ಅಪ್ಪ ಹೇಳಿಕೊಟ್ಟಿದ್ನಲ್ಲ?” ಎಂದ ಗಂಡ.

“ಅಮ್ಮಾಸ್ ಲೀಫ್.”

“ಅಲ್ಲಮ್ಮ, ನಿಜವಾದ ಹೆಸರು?”

“ದಟ್ ಈಸ್ ದ ರಿಯಲ್ ನೇಮ್,” ಎಂದು ರೇಗಿದಳು.

ಅವನು ನನ್ನನ್ನು ನೋಡಿದ, ನನ್ನ ಕೈ ಹಿಡಿದ ಆ ಎರಡು ಪುಟ್ಟ ಕೈಗಳನ್ನು ನೋಡಿದ. ಆ ಮುಖ ನನಗೆ ಹೊಸದಲ್ಲ, ಒಂದು ವರ್ಷ ಅದನ್ನೇ ರೈಲಿನ ಗಾಜಿನಲ್ಲಿ ನೋಡಿದ್ದೆ. ಪಾಪ ಎನ್ನಿಸಬೇಕಿತ್ತು. ಹಾಲು ಕುಡಿದಷ್ಟು ಸಂತೋಷವಾಯಿತು. ಕಾರಿನ ತನಕ ಮಗಳು ಕೈ ಬಿಡಲಿಲ್ಲ, ನಾನೂ ಬಿಡಲಿಲ್ಲ. ಬಾಗಿಲ ಹತ್ತಿರ ನಿಂತು ಗಂಡ ಕೀ ಕೇಳಿದ.

“ನನ್ನ ಬ್ಯಾಗಲ್ಲಿದೆ, ನೀನೇ ತಗೋ. ನನ್ನ ಕೈ ಖಾಲಿ ಇಲ್ಲ,” ಎಂದೆ.